ಹಿನ್ನೀರಿನ ದೋಣಿಯಲ್ಲಿ ಕುಡಿದವರು

ಆ ವರ್ಷ ಬೇಸಿಗೆ ಶುರುವಾಗುವ ಮುಂಚೆ ನಮ್ಮ ರೆಸಾರ್ಟಿನವರು ಸಂಜೆ ದೋಣಿಗೆ ಹೊಸ ಪ್ಯಾಕೇಜು ತಂದರು. ಹತ್ತುವಾಗಲೇ ಒಂದು ಮೊತ್ತ ಕಟ್ಟಿಬಿಟ್ಟರೆ ದೋಣಿ ಹೊರಟು ಜೆಟ್ಟಿಗೆ ವಾಪಸು ಬರುವವರೆಗೆ ಎಷ್ಟು ಬೇಕಾದರೂ ಕುಡಿಯಬಹುದು. ವಿಸ್ಕಿ, ರಮ್ಮು, ಬಿಯರು, ಯಾವುದಕ್ಕೂ ಮಿತಿ ಇಲ್ಲ. ಹೊರದೇಶದ ದೊಡ್ಡ ಹಡಗುಗಳಲ್ಲಿ ಹೀಗೇ ನಡೆಯುತ್ತದೆ ಎಂದು ಮ್ಯಾನೇಜರು ನಮ್ಮನ್ನೆಲ್ಲ ಊಟದ ಹಾಲಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಹೇಳಿದರು. ಅವರು ಅಂಥ ಹಡಗಿನಲ್ಲಿ ಒಂದಷ್ಟು ಕಾಲ ಕೆಲಸ ಮಾಡಿ ಬಂದವರು. ಅಲ್ಲಿ ಸಮುದ್ರ, ಇಲ್ಲಿ ಕಬಿನಿ ಹಿನ್ನೀರು, ಅಷ್ಟೇ ವ್ಯತ್ಯಾಸ ಎಂಬಂತಿತ್ತು ಅವರ ಮಾತು.

ಕುಡಿದು ಮಿತಿ ಮೀರಿದವರನ್ನು ಆ ಹಡಗುಗಳಲ್ಲಿ ಏನು ಮಾಡುತ್ತಾರೆ ಸಾರ್ ಎಂದು ನಾನು ಕೇಳಿದೆ. ಬಾರಿನವನೇ ಕೊಡುವುದನ್ನು ನಿಲ್ಲಿಸುತ್ತಾನೆ, ಗಲಾಟೆ ಮಾಡಿದರೆ ಸೆಕ್ಯೂರಿಟಿಯವರು ಬಂದು ಕೋಣೆಗೆ ಎಳೆದುಕೊಂಡು ಹೋಗುತ್ತಾರೆ, ಹೆಚ್ಚುಕಮ್ಮಿಯಾದರೆ ನೋಡಲು ಡಾಕ್ಟರು ಇರುತ್ತಾರೆ ಎಂದು ಅವರೇ ವಿವರಿಸಿದರು. ಹಾಗಾದರೆ ನಮ್ಮಲ್ಲಿ?

“ನಮ್ದು ಸಣ್ಣ ದೋಣಿ ಕಣಯ್ಯ. ಅದೆಲ್ಲ ಬೇಕಾಗಲ್ಲ,” ಎಂದರು.

ಅಲ್ಲಿಗೆ ಮೀಟಿಂಗು ಮುಗಿಯಿತು. ಹಡಗಿನಿಂದ ಅವರು ಕುಡಿಸುವುದನ್ನು ಮಾತ್ರ ಹೊತ್ತು ತಂದಿದ್ದರು, ತಡೆಯುವುದನ್ನು ಅಲ್ಲೇ ಬಿಟ್ಟು ಬಂದಿದ್ದರು.

ಆ ದೋಣಿಯ ಬಾರು ನನ್ನ ಜವಾಬ್ದಾರಿ. ಅಗಲ ತಳದ ದೋಣಿ ಅದು. ಕೆಳಗೆ ಹಿಂಭಾಗದಲ್ಲಿ ಎಂಜಿನ್, ನಡುವೆ ನನ್ನ ಬಾರು, ಪಕ್ಕದಲ್ಲಿ ತಿಂಡಿ ಬಿಸಿ ಮಾಡುವ ಒಲೆ. ಕಿರಿದಾದ ಮೆಟ್ಟಿಲು ಹತ್ತಿದರೆ ಮೇಲೆ ಕುರ್ಚಿಗಳು, ಪ್ರಾಣಿ ನೋಡುವವರಿಗೆ. ಮೊದಲೆಲ್ಲ ಒಂದೊಂದು ಪೆಗ್ಗಿಗೂ ಚೀಟಿ ಬರೆಯುತ್ತಿದ್ದೆ. ಮೂರನೆಯ ಚೀಟಿ ಕೈಗೆ ಬರುವಾಗ ಮನುಷ್ಯ ತಾನಾಗಿ ಸ್ವಲ್ಪ ಯೋಚಿಸುತ್ತಿದ್ದ. ಹೆಂಡತಿ ಪಕ್ಕದಲ್ಲಿದ್ದರೆ ಇನ್ನೂ ಬೇಗ ಯೋಚಿಸುತ್ತಿದ್ದ. ಈಗ ಚೀಟಿಯೂ ಇಲ್ಲ, ಯೋಚನೆಯೂ ಇಲ್ಲ. ಕೊಟ್ಟ ದುಡ್ಡನ್ನು ಗಂಟಲಲ್ಲೇ ವಸೂಲಿ ಮಾಡಿಕೊಳ್ಳಬೇಕು ಎನ್ನುವ ಹಟದಲ್ಲಿ ಜನ ದೋಣಿ ಹತ್ತತೊಡಗಿದರು. ಕುಡಿತದ ಅಭ್ಯಾಸವೇ ಇಲ್ಲದವರು ಕೂಡ ಬಿಟ್ಟರೆ ನಷ್ಟ ಎಂದು ಕುಡಿದರು. ಎದುರಿನ ದಡದಲ್ಲಿ ಆನೆಗಳು ಮರಿಗಳನ್ನು ಕಾಲ ನಡುವೆ ಬಿಟ್ಟುಕೊಂಡು ಹುಲ್ಲು ಮೇಯುತ್ತಿದ್ದರೆ ಇವರು ಆ ಕಡೆಗೆ ಬೆನ್ನು ಹಾಕಿ ನನ್ನ ಕೌಂಟರಿನ ಮುಂದೆ ಕೈ ಚಾಚಿ ನಿಲ್ಲುತ್ತಿದ್ದರು.

ನನ್ನ ಕೈಲಾದ ಉಪಾಯ ಮಾಡಿದೆ. ಐಸು ಜಾಸ್ತಿ ಹಾಕಿದೆ. ನಿಧಾನವಾಗಿ ಕೊಟ್ಟೆ. ತಿಂಡಿಯನ್ನು ಮೊದಲೇ ಮೇಲಕ್ಕೆ ಕಳಿಸಿದೆ, ಖಾಲಿ ಹೊಟ್ಟೆಗೆ ಬೀಳದಿರಲಿ ಎಂದು. ಸರ್ವೀಸು ತಡ ಎಂದು ದೂರು ಹೋಯಿತು, ಬೈಸಿಕೊಂಡೆ. ಗಾಜಿನ ಲೋಟ ಒಡೆದು ಒಬ್ಬರ ಕಾಲಿಗೆ ಚುಚ್ಚಿದಾಗ ಮ್ಯಾನೇಜರು ಪ್ಲಾಸ್ಟಿಕ್ ಲೋಟ ತರಿಸಿದರು. ಅದೊಂದೇ ಸುಧಾರಣೆ ಅವರಿಂದ ಆದದ್ದು.

ನಮ್ಮ ಗೇಟಿನ ಹೊರಗೆ ಅಕ್ಕಪಕ್ಕದ ಹಳ್ಳಿಯವನು ಯಾರಾದರೂ ಸಾರಾಯಿ ಕುಡಿದು ರಸ್ತೆ ಬದಿ ಬಿದ್ದಿದ್ದರೆ ಕಾವಲಿನವನು ಕೋಲಿನಿಂದ ತಿವಿದು ಎಬ್ಬಿಸಿ ಓಡಿಸುತ್ತಿದ್ದ. ಅತಿಥಿಗಳ ಕಣ್ಣಿಗೆ ಬೀಳಬಾರದು ಎಂದು ಅವನಿಗೆ ಆರ್ಡರ್ ಇತ್ತು. ಒಳಗೆ ಅದೇ ಸ್ಥಿತಿಯಲ್ಲಿ ಬಿದ್ದವರಿಗೆ ನಾವು ಬಿಸಿ ಟವೆಲ್ ತೆಗೆದುಕೊಂಡು ಹೋಗುತ್ತಿದ್ದೆವು.

ದೋಣಿಯಲ್ಲಿ ನನ್ನ ಜೊತೆ ಇಬ್ಬರು. ಒಬ್ಬ ಚಾಲಕ. ಅವನ ಹಿರೀಕರ ಊರು ಅಣೆಕಟ್ಟು ಕಟ್ಟಿದಾಗ ಇದೇ ನೀರಿನಡಿ ಹೋಗಿತ್ತು. ಬೇಸಿಗೆಯಲ್ಲಿ ನೀರು ಇಳಿದು ಮುಳುಗಿದ ಕಾಡಿನ ಒಣಮರಗಳ ತುದಿಗಳು ಮೇಲೆದ್ದಾಗ ಅವುಗಳ ನಡುವೆ ನಿಧಾನಕ್ಕೆ ದೋಣಿ ತೂರಿಸುವುದು ಅವನ ಕೆಲಸ. ಇನ್ನೊಬ್ಬಳು ತಿಂಡಿ ಬಡಿಸುವವಳು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹತ್ತಿರದ ಹಳ್ಳಿಯವಳು, ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಊರಿನ ಸಾರಾಯಿ ಅಂಗಡಿಯನ್ನು ಎತ್ತಿಸಿದ ಹೆಂಗಸರಲ್ಲಿ ಅವಳೂ ಒಬ್ಬಳು. ಅಂಗಡಿಯ ಮುಂದೆ ಕೂತು, ಬೈಸಿಕೊಂಡು, ಎತ್ತಿಸಿಯೇ ಎದ್ದವಳು. ಹೊಗೆಸೊಪ್ಪಿನ ಕೆಲಸ ಮುಗಿದ ಮೇಲೆ ಕೂಲಿಯಿಲ್ಲದೆ ಇಲ್ಲಿಗೆ ಸೇರಿದ್ದಳು. ನನ್ನ ಬಾಟಲಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

“ಇಂಥ ಕೆಲ್ಸಕ್ಕೆ ನಿಮ್ಮವ್ವ ಒಪ್ಪವ್ಳಾ ತಮ್ಮ?” ಎಂದು ಒಂದು ಸಲ ಕೇಳಿದ್ದಳು. ನಮ್ಮೂರು ಕಟ್ಟೆಮಳಲವಾಡಿಯಲ್ಲಿ ನಮ್ಮಮ್ಮ ನನ್ನನ್ನು ಹೋಟೆಲಿನಲ್ಲಿ ಕೆಲಸ ಮಾಡುವವನು ಎಂದಷ್ಟೇ ಹೇಳುತ್ತಿದ್ದಳು.

ಬೇಸಿಗೆ ಬಲಿತಾಗ ಪಂಪ್‌ಸೆಟ್ ಡೀಲರುಗಳ ತಂಡವೊಂದು ಬಂತು. ಚೆನ್ನಾಗಿ ಮಾಲು ಮಾರಿದ್ದಕ್ಕೆ ಕಂಪನಿ ಕೊಡಿಸಿದ ಪ್ರವಾಸ. ಬಂದವರು ಕೆಟ್ಟವರೇನಲ್ಲ. ಭೇರ್ಯದ ಕಡೆಯವರೊಬ್ಬರು ನನ್ನ ಊರು ಕೇಳಿ ತಿಳಿದುಕೊಂಡು ಈ ಸಲ ಹೊಗೆಸೊಪ್ಪು ಹೇಗೆ ಬಂತು ಎಂದು ವಿಚಾರಿಸಿದರು. ಆದರೆ ಮಧ್ಯಾಹ್ನದ ಊಟಕ್ಕೇ ಅವರಿಗೆಲ್ಲ ಬಿಯರು ಕುಡಿಸಿಯಾಗಿತ್ತು. ದೋಣಿ ಹತ್ತುವಾಗಲೇ ಒಬ್ಬಿಬ್ಬರು ಹಲಗೆಯ ಮೇಲೆ ಕಾಲು ಸರಿಯಾಗಿ ಇಡಲಾರದೆ ಚಾಲಕನ ಭುಜ ಹಿಡಿದುಕೊಂಡರು. ಜನ ಹೆಚ್ಚಿದ್ದರಿಂದ ಲೈಫ್ ಜಾಕೆಟ್ಟು ಸಾಲಲಿಲ್ಲ. ನಮ್ಮ ಮೂವರ ಜಾಕೆಟ್ಟನ್ನೂ ಬಿಚ್ಚಿಸಿ ಅತಿಥಿಗಳಿಗೆ ಕೊಡಿಸಿದರು. ಇಷ್ಟು ಜನರನ್ನು ಒಂದೇ ಸಲಕ್ಕೆ ಬೇಡ, ಎರಡು ಸಲ ಕರೆದುಕೊಂಡು ಹೋಗೋಣ ಎಂದು ಚಾಲಕ ಹೇಳಿದ. ಸೂರ್ಯ ಮುಳುಗುವುದು ಒಂದೇ ಸಲ ಎಂದು ಮ್ಯಾನೇಜರು ಹೇಳಿ ಜೆಟ್ಟಿಯಿಂದ ಹಗ್ಗ ಬಿಚ್ಚಿಸಿದರು.

ನೀರಿನ ನಡುವೆ ಬರುವಷ್ಟರಲ್ಲಿ ಜಾಕೆಟ್ಟುಗಳು ಮೈಮೇಲಿಂದ ಇಳಿದಿದ್ದವು. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಒಬ್ಬ ಬಿಚ್ಚಿದ, ಉಳಿದವರೂ ಬಿಚ್ಚಿದರು. ಅವನ್ನೇ ತಲೆದಿಂಬು ಮಾಡಿಕೊಂಡು ಒಬ್ಬ ನೆಲದ ಮೇಲೆ ಮಲಗಿದ. ಇನ್ನೊಬ್ಬ ಮೆಟ್ಟಿಲ ಮೇಲೆ ವಾಂತಿ ಮಾಡಿದ. ಅಕ್ಕ ಬಕೆಟ್ಟಿನಲ್ಲಿ ನೀರೆತ್ತಿ ತೊಳೆದಳು. ತೊಳೆಯುತ್ತಿದ್ದವಳ ಪಕ್ಕದಿಂದಲೇ ಲೋಟ ಹಿಡಿದ ಕೈಗಳು ನನ್ನ ಕಡೆ ಚಾಚುತ್ತಿದ್ದವು. ನಾಲಗೆ ತೊದಲುವವನಿಗೆ, ನನ್ನ ಮುಖ ಬಿಟ್ಟು ಎಲ್ಲೋ ನೋಡುವವನಿಗೆ, ದುಡ್ಡು ಕೊಡಲು ಬಂದವನಂತೆ ಜೇಬು ತಡಕಾಡುವವನಿಗೆ ಇನ್ನು ಕೊಡಬಾರದು ಎಂದು ನಾನು ಕೆಲಸ ಕಲಿತ ಕಡೆ ಹೇಳಿಕೊಟ್ಟಿದ್ದರು. ಅವತ್ತು ಆ ಮೂರೂ ಲಕ್ಷಣ ಇಲ್ಲದವರನ್ನು ಹುಡುಕಬೇಕಾಗಿತ್ತು.

ಚಾಲಕ ಸ್ಟೇರಿಂಗಿನಿಂದ ತಿರುಗಿ, ಒಣಮರಗಳ ಕಡೆ ಬಂದಿದ್ದೇವೆ, ಜನ ಹೀಗೆ ಓಡಾಡಿದರೆ ಕಷ್ಟ ಎಂದ. ನಾನು ವಾಕಿಟಾಕಿಯಲ್ಲಿ ಮ್ಯಾನೇಜರಿಗೆ ಹೇಳಿದೆ. ಬಾರು ನಿಲ್ಲಿಸಿ ವಾಪಸು ಬರುತ್ತೇವೆ ಎಂದೆ.

“ಸರ್ವೀಸ್ ಕಂಟಿನ್ಯೂ ಮಾಡು. ಆನೆ ತೋರಿಸ್ದೆ ವಾಪಸ್ ಬರಬೇಡಿ,” ಎಂದು ಅಲ್ಲಿಂದ ಉತ್ತರ ಬಂತು.

ಅಷ್ಟರಲ್ಲಿ ತಂಡದ ಮುಂದಾಳು, ದಪ್ಪನೆಯ ಮನುಷ್ಯ, ತಟ್ಟೆ ಹಿಡಿದು ಹೋಗುತ್ತಿದ್ದ ಅಕ್ಕನ ಕೈ ಹಿಡಿದು ನಿಲ್ಲಿಸಿದ. ತನ್ನ ಲೋಟವನ್ನು ಅವಳ ಬಾಯಿಯ ಹತ್ತಿರ ತಂದ. ಒಂದು ಗುಟುಕು ಕುಡಿ, ನಮ್ಮ ಜೊತೆ ನೀನೂ ಖುಷಿಯಾಗಿರು ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಅಕ್ಕ ಮುಖ ತಿರುಗಿಸಿ, “ಬುಡಿ ಸಾರ್ ಕೈಯ,” ಎಂದಳು. ಎರಡನೇ ಸಲ ಹೇಳಿದಾಗ ಅವಳ ದನಿ ಗಟ್ಟಿಯಿತ್ತು. ಅವನಿಗೆ ಅವಮಾನವಾಯಿತೇನೋ. ಕುಡಿಯದಿದ್ದರೆ ಸ್ನಾನ ಮಾಡು ಎನ್ನುತ್ತ ಲೋಟ ಪೂರ್ತಿ ಅವಳ ತಲೆಯ ಮೇಲೆ ಸುರಿದ. ಚಪ್ಪಾಳೆ ಜೋರಾಯಿತು. ವಿಸ್ಕಿ ಅವಳ ಹಣೆ, ಕೆನ್ನೆ, ರವಿಕೆಯ ಮೇಲೆ ಇಳಿಯಿತು. ಅವಳು ತಟ್ಟೆಯನ್ನು ಕೆಳಗಿಟ್ಟಳು. ಬೀಳಿಸಲಿಲ್ಲ, ಇಟ್ಟಳು.

ನನಗೆ ಆಗ ಯಾರನ್ನೂ ಕೇಳಬೇಕು ಅನ್ನಿಸಲಿಲ್ಲ. ಬಾಟಲಿಗಳನ್ನು ಕ್ರೇಟಿಗೆ ಹಾಕಿದೆ. ಕೌಂಟರಿನ ಬಾಗಿಲು ಎಳೆದು ಬೀಗ ಹಾಕಿ ಬೀಗದ ಕೈ ಜೇಬಿಗಿಟ್ಟುಕೊಂಡೆ. ಬಾರು ಮುಚ್ಚಿದೆ, ಇನ್ನು ಯಾರಿಗೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ದೋಣಿ ತಿರುಗಿಸು ಎಂದು ಚಾಲಕನಿಗೆ ಕೂಗಿದೆ. ಮುಂದಾಳು ನನ್ನ ಕಾಲರಿಗೆ ಕೈ ಹಾಕಿದ. ದುಡ್ಡು ಕಟ್ಟಿದ್ದೇವೆ, ನಿನ್ನಪ್ಪನ ಮನೆಯದು ಕೊಡುತ್ತಿದ್ದೀಯಾ ಎಂದ. ಮೇಲಿದ್ದವರಲ್ಲೂ ಕೆಲವರು ಜಗಳ ನೋಡಲು ಇಳಿದು ಬಂದರು.

ಅಕ್ಕ ಇದರಿಂದ ದೂರ ಹೋಗಿ ದೋಣಿಯ ಎಡಬದಿಯ ಹಿಂದೆ, ಕಂಬಿ ತಗ್ಗಾಗಿರುವ ಕಡೆ, ಬಗ್ಗಿ ಮುಖ ತೊಳೆದುಕೊಳ್ಳುತ್ತಿದ್ದಳು. ಅದೇ ಹೊತ್ತಿಗೆ ಮೇಲಿನಿಂದ ಯಾರೋ ಆನೆ ಎಂದು ಕೂಗಿದರು. ಎಡದಂಡೆಯಲ್ಲಿ ಹಿಂಡು ನೀರಿಗಿಳಿಯುತ್ತಿತ್ತು. ನನ್ನ ಕಾಲರು ಹಿಡಿದವನೂ ಬಿಟ್ಟು ಓಡಿದ. ಮೇಲಿನವರು, ಕೆಳಗಿನವರು ಎಲ್ಲರೂ ಒಟ್ಟಿಗೆ ಎಡಕ್ಕೆ ನುಗ್ಗಿದರು. ದೋಣಿ ಆ ಕಡೆಗೆ ವಾಲಿತು. ಹಿಂದೆ ಬಂದವರ ಭಾರಕ್ಕೆ ಮುಂದಿದ್ದವರು ಜಾರಿ ಅಕ್ಕನ ಬೆನ್ನಿಗೆ ಬಿದ್ದರು. ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ಕಂಬಿಯ ಆಚೆ ಅವಳ ಕಾಲು ಹೋದದ್ದು ಕಂಡಿತು, ಅಷ್ಟೇ.

ಚಾಲಕ ತಕ್ಷಣ ಎಂಜಿನ್ ನಿಲ್ಲಿಸಿದ. ನಿಲ್ಲಿಸದಿದ್ದರೆ ನೀರಿನಡಿ ತಿರುಗುವ ಎಂಜಿನ್ನಿನ ರೆಕ್ಕೆಗೆ ಅವಳು ಸಿಕ್ಕುತ್ತಿದ್ದಳು. ನಾನು ತೇಲುವ ರಿಂಗಿಗೆ ಕೈ ಹಾಕಿದೆ. ಅದರ ಮೇಲೆ ರೆಸಾರ್ಟಿನ ಹೆಸರು ಚೆಂದವಾಗಿ ಬರೆಸಿ, ಅತಿಥಿಗಳು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಿ ಎಂದು ಗೋಡೆಗೆ ತಂತಿಯಿಂದ ಬಿಗಿದಿದ್ದರು. ಎಳೆದೆ, ಬರಲಿಲ್ಲ. ಮಲಗಿದ್ದವನ ತಲೆಯಡಿಯಿಂದ ಜಾಕೆಟ್ಟು ಕಿತ್ತುಕೊಂಡು ನೀರಿಗೆ ಹಾರಿದೆ. ನಾನು ನಮ್ಮೂರ ಕಟ್ಟೆಯಲ್ಲಿ ಈಜು ಕಲಿತವನು, ಆದರೆ ಅಲ್ಲಿ ನೀರಿನಡಿ ಮರಗಳಿರಲಿಲ್ಲ. ಇಲ್ಲಿ ಕಾಲು ಬಡಿದಾಗಲೆಲ್ಲ ಕೊಂಬೆ ತಾಗುತ್ತಿತ್ತು. ಅಕ್ಕ ಒಂದು ಒಣಮರದ ತುದಿ ತಬ್ಬಿಕೊಂಡಿದ್ದಳು. ಮೊಳಕೈ ಸೀಳಿ ರಕ್ತ ಹೋಗುತ್ತಿತ್ತು, ಒಂದು ಭುಜ ಕೆಳಗೆ ಇಳಿಬಿದ್ದಿತ್ತು. ಮರ ಬಿಡು, ಜಾಕೆಟ್ಟು ಹಿಡಿದುಕೋ ಎಂದರೆ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ದೋಣಿಯ ಮೇಲೆ ಕ್ಯಾಮೆರಾ ಮಿಂಚುತ್ತಿತ್ತು. ಆನೆಗಳನ್ನು ತೆಗೆಯುತ್ತಿದ್ದವರು ನಮ್ಮ ಕಡೆ ತಿರುಗಿಸಿ ನಮ್ಮನ್ನೂ ತೆಗೆದರು. ಹೊಗೆಸೊಪ್ಪಿನ ವಿಷಯ ಕೇಳಿದ್ದ ಆ ಭೇರ್ಯದ ಕಡೆಯವರೊಬ್ಬರೇ ಹೊಟ್ಟೆಯ ಮೇಲೆ ಮಲಗಿ ಹಗ್ಗ ಚಾಚಿ ಎಳೆದುಕೊಂಡರು. ಅವರೂ ಕುಡಿದಿದ್ದರು, ಆದರೂ ಹಗ್ಗ ಬಿಡಲಿಲ್ಲ.

ಜೆಟ್ಟಿಯಲ್ಲಿ ಮ್ಯಾನೇಜರು ಮೊದಲು ಅತಿಥಿಗಳನ್ನು ಇಳಿಸಿ ಕ್ಯಾಂಪ್ ಫೈರಿನ ಕಡೆ ಕಳಿಸಿದರು. ಆಮೇಲೆ ಅಕ್ಕನನ್ನು ಹಿಂಬದಿಯ ದಾರಿಯಲ್ಲಿ ಜೀಪಿಗೆ ಹತ್ತಿಸಿದರು, ಯಾರಿಗೂ ಕಾಣದಂತೆ. ನಾನೂ ಹತ್ತಲು ಹೋದರೆ, ಬಾರಿನ ಬೀಗ ತೆಗೆದುಕೊಟ್ಟು ಹೋಗು ಎಂದರು. ಕೊಟ್ಟೆ. ಅಷ್ಟರಲ್ಲಿ ಜೀಪು ಹೊರಟುಹೋಯಿತು. ಮಾರನೆಯ ದಿನ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಅವಳ ಭುಜಕ್ಕೆ ಪಟ್ಟಿ ಕಟ್ಟಿದ್ದರು. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೊರಗೆ ನಿಂತಿದ್ದ ಅವಳ ಗಂಡ ನನ್ನನ್ನು ನೋಡಿ, ಇವಳು ಯಾವಾಗಿನಿಂದ ಕುಡಿಯಲು ಕಲಿತಳು ಎಂದು ಕೇಳಿದ.

ಮ್ಯಾನೇಜರು ಹಿಂದಿನ ಸಂಜೆಯೇ ಅವನಿಗೆ ಹೇಳಿದ್ದರಂತೆ. ದೋಣಿಯಲ್ಲಿ ಸ್ವಲ್ಪ ರುಚಿ ನೋಡಿದ್ದಾಳೆ, ಆಯ ತಪ್ಪಿ ಬಿದ್ದಿದ್ದಾಳೆ, ಬೇಕಾದರೆ ಸೀರೆ ಮೂಸಿ ನೋಡು ಎಂದು. ನೀರಿನಲ್ಲಿ ಬಿದ್ದ ಮೇಲೂ ಸೀರೆಯಿಂದ ವಾಸನೆ ಹೋಗಿರಲಿಲ್ಲ. ಅವನು ಮೂಸಿ ನೋಡಿದ್ದ. ನಾನು ನಡೆದದ್ದು ಹೇಳಿದೆ. ಅವನು ಕೇಳಿಸಿಕೊಂಡ, ನಂಬಿದಂತೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಸುದ್ದಿ ಅವರ ಊರಿನ ಟೀ ಅಂಗಡಿ ತಲುಪಿ ಆಗಿತ್ತು. ಸಾರಾಯಿ ಅಂಗಡಿ ಕಳೆದುಕೊಂಡ ಗಂಡಸರಿಗೆ ಅದು ಹಬ್ಬದೂಟ. ನಮ್ಮ ಅಂಗಡಿ ಮುಚ್ಚಿಸಿದವಳು ಬಾಟಲಿ ವಿಸ್ಕಿ ಕುಡಿಯುತ್ತಾಳಂತೆ ಎಂದು ನಕ್ಕರು. ಅವಳ ಜೊತೆ ಅಂಗಡಿ ಮುಂದೆ ಕೂತಿದ್ದ ಹೆಂಗಸರೂ ಆಸ್ಪತ್ರೆಗೆ ಬರಲಿಲ್ಲ.

ರೆಸಾರ್ಟಿನ ಮಾಲೀಕರು ವಿಚಾರಣೆಗೆ ಬರುತ್ತಾರೆ ಎಂದಾಯಿತು. ಅದಕ್ಕೂ ಮೊದಲು ಮ್ಯಾನೇಜರು ನನ್ನನ್ನು ಕರೆದು ಕೂರಿಸಿ ಟೀ ತರಿಸಿದರು. ಅವರು ನನಗೆ ಟೀ ತರಿಸಿದ್ದು ಅದೇ ಮೊದಲು.

“ಎರಡೇ ದಾರಿ ಇರೋದು. ನೀನು ಬಾರ್ ಮುಚ್ಚಿದ್ದಕ್ಕೆ ಗೆಸ್ಟ್‌ಗಳು ಗಲಾಟೆ ಮಾಡಿದ್ರು, ಅದ್ರಿಂದ ಹೀಗಾಯ್ತು ಅನ್ನೋದು ಒಂದು. ಆಯಮ್ಮ ಕುಡಿದಿದ್ಲು, ಬಿದ್ಲು ಅನ್ನೋದು ಇನ್ನೊಂದು. ಮೊದಲನೇದಾದ್ರೆ ನಿನ್ನ ಕೆಲಸ ಹೋಗುತ್ತೆ. ನೀನೇ ಯೋಚನೆ ಮಾಡು,” ಎಂದರು.

ಮೂರನೆಯ ದಾರಿ ಒಂದಿತ್ತು, ನಡೆದದ್ದನ್ನು ನಡೆದಂತೆ ಹೇಳುವುದು. ಅದರ ಹೆಸರನ್ನೇ ಅವರು ಎತ್ತಲಿಲ್ಲ. ಟೀ ಮುಟ್ಟದೆ ಎದ್ದು ಬಂದೆ.

ಮಾಲೀಕರ ಮುಂದೆ ನಾವು ನಿಂತೆವು. ಅಕ್ಕನನ್ನು ಕರೆಸಿರಲೇ ಇಲ್ಲ. ಮೊದಲು ಚಾಲಕನನ್ನು ಕೇಳಿದರು. ಅವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ, “ನಾನು ಮುಂದ್ಕೆ ನೋಡ್ತಿದ್ದೆ ಬುದ್ಧಿ. ಇಂದೆ ಆಗಿದ್ದು ಕಾಣ್ನಿಲ್ಲ,” ಎಂದ. ಅವನು ಎಲ್ಲವನ್ನೂ ನೋಡಿದ್ದ. ನನಗೆ ಅವನ ಮೇಲೂ ಸಿಟ್ಟು ಬಂತು. ನಂತರ ನನ್ನ ಸರದಿ. ಕಡಿಮೆ ಬಿದ್ದ ಜಾಕೆಟ್ಟಿನಿಂದ ಹಿಡಿದು ತಂತಿ ಬಿಗಿದ ರಿಂಗಿನವರೆಗೆ, ವಾಕಿಟಾಕಿಯಲ್ಲಿ ಬಂದ ಉತ್ತರ, ಲೋಟ ಸುರಿದವನು, ಚಪ್ಪಾಳೆ ತಟ್ಟಿದವರು, ಎಲ್ಲವನ್ನೂ ಒಂದಾದ ಮೇಲೆ ಒಂದು ಹೇಳಿದೆ. ಆ ದೋಣಿಯಲ್ಲಿ ಕುಡಿಯದೆ ಇದ್ದವರು ನಾವು ಮೂರೇ ಜನ ಎಂದೆ.

ಮಾಲೀಕರು ಪೂರ್ತಿ ಕೇಳಿಸಿಕೊಂಡರು. ಬಳಿಕ ಒಂದೇ ಪ್ರಶ್ನೆ ಕೇಳಿದರು.

“ಬಾರ್ ಮುಚ್ಚೋ ಅಧಿಕಾರ ನಿನಗೆ ಕೊಟ್ಟಿದ್ದು ಯಾರು?”

ಹೆಂಗಸೊಬ್ಬಳು ನೀರಿಗೆ ಬಿದ್ದ ವಿಷಯದಲ್ಲಿ ಅವರಿಗೆ ಬೇಕಾಗಿದ್ದು ಅದೊಂದೇ. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ ಎಂದೆ. ನಾಳೆಯಿಂದ ಬರಬೇಡ ಎಂದರು. ನಾಳೆಯವರೆಗೆ ಕಾಯುವ ಮನಸ್ಸು ನನಗೂ ಇರಲಿಲ್ಲ. ಸಮವಸ್ತ್ರ ಬಿಚ್ಚಿಕೊಟ್ಟು ಪೆಟ್ಟಿಗೆ ಕಟ್ಟಿದೆ. ಗೇಟಿನ ಹತ್ತಿರ ಚಾಲಕ ಹಿಂದೆಯೇ ಬಂದ.

“ನಾನೂ ಯೋಳ್ಬೇಕಿತ್ತು ಕಣಪ್ಪ. ಈ ವಯ್ಸಲ್ಲಿ ನಂಗೆ ಇನ್ಯಾರು ಕೆಲ್ಸ ಕೊಟ್ಟಾರು,” ಎಂದ. ಹೊಸ ಅತಿಥಿಗಳ ವ್ಯಾನು ಒಳಗೆ ಬರುತ್ತಿತ್ತು, ಅವನನ್ನು ಜೆಟ್ಟಿಗೆ ಕೂಗಿದರು. ಅವತ್ತೂ ಸಂಜೆ ದೋಣಿ ಹೊರಡುವುದಿತ್ತು.

ಹ್ಯಾಂಡ್‌ಪೋಸ್ಟಿನಲ್ಲಿ ಹುಣಸೂರಿನ ಬಸ್ಸು ನಿಂತಿತ್ತು. ಹತ್ತಿದ್ದರೆ ಕತ್ತಲಾಗುವ ಮುಂಚೆ ಮನೆ ಸೇರುತ್ತಿದ್ದೆ. ಪೆಟ್ಟಿಗೆಯನ್ನು ಒಂದು ಅಂಗಡಿಯಲ್ಲಿಟ್ಟು ಅಕ್ಕನ ಊರಿನ ಕಡೆ ನಡೆದೆ. ಟೀ ಅಂಗಡಿಯ ಬೆಂಚಿನ ಮೇಲೆ ಜನ ಇದ್ದರು. ಒಳಗಿನ ಮೂಲೆಯಲ್ಲಿ ಅಕ್ಕನ ಗಂಡನೂ ಇದ್ದ. ನಾನು ಯಾರು, ಏನು ಕೆಲಸ ಮಾಡುತ್ತಿದ್ದೆ ಎಂದು ಮೊದಲು ಹೇಳಿದೆ. ಆ ದೋಣಿಯಲ್ಲಿ ಒಂದೊಂದು ಲೋಟವೂ ನನ್ನ ಕೈಯಿಂದಲೇ ಹೋದದ್ದು, ಅವಳ ಬಾಯಿಗೆ ಒಂದು ಹನಿಯೂ ಹೋಗಿಲ್ಲ, ತಲೆಗೆ ಸುರಿದರು ಎಂದೆ. ಸುರಿಯುವ ಮುಂಚೆ ಅವಳು ಅವನಿಗೆ ಏನು ಹೇಳಿದ್ದಳು ಎಂಬುದನ್ನೂ ಹೇಳಿದೆ. ಬೆಂಚಿನ ಮೇಲಿದ್ದವನೊಬ್ಬ ನಗಲು ನೋಡಿದ. ಪಕ್ಕದ ಮುದುಕ ಅವನನ್ನು ಗದರಿ ಸುಮ್ಮನಾಗಿಸಿ, ಬಾಟಲಿ ಇಟ್ಟುಕೊಂಡಿದ್ದವನೇ ಹೇಳುವಾಗ ಇನ್ನೇನು ಎಂದ. ಅಲ್ಲಿಗೆ ಮಾತು ತಿರುಗಿತು. ಪಾಪ ಆ ಹೆಂಗಸು ಎಂದರು. ರೆಸಾರ್ಟಿನವರನ್ನು ಬೈದರು. ಅಕ್ಕನ ಗಂಡ ಟೀ ಅರ್ಧಕ್ಕೇ ಬಿಟ್ಟು ಎದ್ದು, ನನ್ನನ್ನು ಮನೆಗೆ ಕರೆದುಕೊಂಡು ಹೋದ.

ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಅಕ್ಕ ಜಗಲಿಯ ಮೇಲೆ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಗಂಡ ಚಾಪೆ ಹಾಸಿದ, ಲೋಟದಲ್ಲಿ ನೀರು ತಂದ. ಇವರು ಬಂದು ಎಲ್ಲರ ಮುಂದೆ ಹೇಳಿದರು, ಜನ ಒಪ್ಪಿಕೊಂಡರು, ಇನ್ನು ಯಾರೂ ಮಾತಾಡುವುದಿಲ್ಲ ಎಂದು ಅವನೇ ಅವಳಿಗೆ ವರದಿ ಕೊಟ್ಟ. ದನಿಯಲ್ಲಿ ಸಮಾಧಾನವಿತ್ತು. ಅಕ್ಕನ ಮುಖ ನನಗೆ ಸಂತೋಷವಾಗಿ ಕಾಣಲಿಲ್ಲ.

“ಆಸ್ಪತ್ರೇಲಿ ನಾನೂ ಇದ್ನೇ ಯೋಳ್ದೆ ತಮ್ಮ. ಮನೇಲಿ ಯೋಳ್ದೆ. ದೀಪ ಮುಟ್ಟಿ ಯೋಳ್ದೆ. ಒಬ್ರೂ ನಂಬ್ನಿಲ್ಲ. ಎಂಡ ಉಯ್ಯೋನು ಬಂದು ಯೋಳ್ದೇಟ್ಗೆ ನಂಬ್ಬುಟ್ರಾ?”

ನಾನು ತಲೆ ತಗ್ಗಿಸಿದೆ. ಅವಳ ಸಿಟ್ಟು ನನ್ನ ಸಿಟ್ಟಿಗಿಂತ ದೊಡ್ಡದಾಗಿತ್ತು, ಹೆಚ್ಚು ನ್ಯಾಯದ್ದೂ ಆಗಿತ್ತು. ಅವಳು ಗಂಡನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಈಗ ನೀನು ಓಗು. ಅದೇ ಅಂಗ್ಡಿ ಮುಂದೆ ನಿಂತ್ಕಂಡು ಯೋಳು, ಎಂಡ್ತಿ ಮಾತ ನಾನು ನಂಬ್ನಿಲ್ಲ, ಸೀರೆ ಮೂಸಿ ನೋಡ್ದೆ ಅಂತ. ಯೋಳ್ಬುಟ್ಟು ಆಮ್ಯಾಕೆ ಮನೆ ಒಳಿಕ್ಕೆ ಬಾ.”

ಅವನು ನನ್ನ ಮುಖ ನೋಡಿದ. ನಾನು ಸಹಾಯಕ್ಕೆ ಹೋಗಲಿಲ್ಲ. ಆಮೇಲೆ ಜಗಲಿಯ ಕೆಳಗಿದ್ದ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಅಕ್ಕ ಅವನು ಅಂಗಡಿ ಮುಟ್ಟುವವರೆಗೂ ಅವನ ಬೆನ್ನಿನ ಮೇಲಿಂದ ಕಣ್ಣು ತೆಗೆಯಲಿಲ್ಲ.